ಘೋಡಗೇರಿಯ ಸಂಜೆಯ ಹಾಲು

ಘೋಡಗೇರಿಯ ಹಾಲಿನ ನಳಿಕೆ ಅವತ್ತೂ ನಾವು ಚಹ ಕುಡಿದು ಮುಗಿಸುವುದರೊಳಗೆ ಬೆಳ್ಳಗಾಗಿತ್ತು. ಬಿಸಿನೀರಿನ ತೊಟ್ಟಿಯಲ್ಲಿ ಸಾಲಾಗಿ ನಿಂತಿದ್ದ ಉಳಿದ ಊರುಗಳ ನಳಿಕೆಗಳೆಲ್ಲ ನೀಲಿ, ಅದೊಂದು ಮಾತ್ರ ಬಿಳಿ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದದ್ದು ಹಾಲಿನ ಮೇಲಲ್ಲ. ನನ್ನ ಪಕ್ಕದಲ್ಲಿ ನಿಂತು, ನನಗಿಂತ ಮೊದಲೇ ಅದನ್ನು ನೋಡಿ, ಹೊತ್ತು ಗುರುತು ಹಾಕಿಕೊಂಡಿದ್ದ ಹೊಸ ಹುಡುಗಿಯ ಮೇಲೆ.

ಈ ನೀಲಿ ಬಿಳಿಯ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಹಾಲಿನೊಳಗೆ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಬೆಳೆಸಿ ಎಣಿಸಿ ನೋಡಲು ಎರಡು ದಿನ ಬೇಕು. ಅಷ್ಟು ದಿನ ಹಾಲು ಕಾಯುವುದಿಲ್ಲ. ಅದಕ್ಕೇ ಒಂದು ಸುಲಭದ ಪರೀಕ್ಷೆ ಇದೆ. ಹತ್ತು ಮಿಲಿ ಹಾಲಿಗೆ ಒಂದು ಮಿಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ಬಿರಡೆ ಬಿಗಿದು, ಮೈ ಬೆಚ್ಚಗಿರುವಷ್ಟೇ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸುತ್ತೇವೆ. ಬ್ಯಾಕ್ಟೀರಿಯಾ ಹಾಲಿನಲ್ಲಿರುವ ಆಮ್ಲಜನಕವನ್ನು ಖರ್ಚು ಮಾಡುತ್ತ ಹೋದಂತೆ ನೀಲಿ ಮಾಯವಾಗುತ್ತದೆ. ಐದು ತಾಸು ನೀಲಿ ನಿಂತರೆ ಹಾಲು ಒಳ್ಳೆಯದು. ಅರ್ಧ ತಾಸೂ ನಿಲ್ಲದಿದ್ದರೆ ಆ ಹಾಲನ್ನು ದೊಡ್ಡ ಟ್ಯಾಂಕಿಗೆ ಸೇರಿಸುವ ಹಾಗಿಲ್ಲ. ಟ್ಯಾಂಕಿನ ಚಳಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮರಿ ಹಾಕುವುದನ್ನು ನಿಲ್ಲಿಸುತ್ತವೆ ಅಷ್ಟೇ. ಮೊದಲೇ ಹೆಚ್ಚಾಗಿ ಬಂದವುಗಳನ್ನು ಚಳಿ ಏನೂ ಮಾಡುವುದಿಲ್ಲ.

ನಮ್ಮದು ಘಟಪ್ರಭಾದಿಂದ ಧುಪದಾಳಕ್ಕೆ ಹೋಗುವ ದಾರಿಯಲ್ಲಿ ಹಾಲು ತಂಪು ಮಾಡಿಡುವ ಒಂದು ಖಾಸಗಿ ಚಿಲ್ಲಿಂಗ್ ಸೆಂಟರ್. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕುಗಳ ಹಳ್ಳಿಗಳಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕ್ಯಾನುಗಳಲ್ಲಿ ಹಾಲು ಬರುತ್ತದೆ. ನಾನು ಅರಭಾವಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತ ವರ್ಷಗಟ್ಟಲೆ ಇಲ್ಲಿಯ ಲ್ಯಾಬಿನಲ್ಲಿ ದುಡಿದವಳು, ಅದೂ ಕಾಂಟ್ರ್ಯಾಕ್ಟ್ ಮೇಲೆ. ಲ್ಯಾಬ್ ಇನ್‌ಚಾರ್ಜ್ ಆಗಿದ್ದ ಹಿರಿಯರು ಆ ವರ್ಷ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ಪರ್ಮನೆಂಟ್. ಅದು ನನ್ನದೇ ಎಂದು ನಾನೂ ತಿಳಿದಿದ್ದೆ, ಗಾಡಿ ಬಂದು ನಿಲ್ಲುವ ಕಟ್ಟೆಯಲ್ಲಿ, ನಮ್ಮ ಬಾಯಲ್ಲಿ ಡಾಕಿನಲ್ಲಿ, ಕ್ಯಾನು ಇಳಿಸುವವರೂ ತಿಳಿದಿದ್ದರು. ಅಷ್ಟರಲ್ಲಿ ಮೂಡಲಗಿಯಿಂದ ಈ ಹುಡುಗಿ ಬಂದಳು. ಎಮ್ಮೆಸ್ಸಿ, ಮೈಕ್ರೋಬಯಾಲಜಿ. ಅಪ್ಪ ಬಸ್ ಕಂಡಕ್ಟರ್.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೇ ಇರಬೇಕು, ತಿಂಗಳಲ್ಲಿ ಸುಸ್ತಾಗುತ್ತಾಳೆ ಎಂದುಕೊಂಡೆ. ಆಗಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಕೋಟು, ಮೆತ್ತಗಿನ ಮಾತು. ಮ್ಯಾನೇಜರ್ ಅವಳನ್ನು ಬಂದ ಮರುದಿನವೇ ಮೇಡಂ ಎಂದರು. ನಾನು ಇಷ್ಟು ವರ್ಷವಾದರೂ ಅವರ ಬಾಯಲ್ಲಿ ‘ನಮ್ಮ ಬಾಯಾರು’. ಒಂದು ದಿನ ಅವಳು ಮೊಸರಿನ ಹನಿಯೊಂದನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮೈಕ್ರೋಸ್ಕೋಪಿನ ಕೆಳಗಿಟ್ಟು ಡಾಕಿನವರನ್ನೆಲ್ಲ ಕರೆದಳು. ಒಬ್ಬೊಬ್ಬರೇ ಕಣ್ಣಿಟ್ಟು ನೋಡಿದರು. ಮಣಿಸರದ ಹಾಗೆ ಕಾಣುತ್ತಿದ್ದ ಅವುಗಳನ್ನು ತೋರಿಸುತ್ತ ಅವಳು ವಿವರಿಸಿದಳು. ಇವುಗಳಲ್ಲಿ ಗಂಡು ಹೆಣ್ಣು ಇಲ್ಲ. ಒಂದು ಸ್ವಲ್ಪ ಉದ್ದವಾಗುತ್ತದೆ, ಒಳಗಿನ ವಂಶವಾಹಿ ಎಳೆಯನ್ನು ಎರಡು ಪ್ರತಿ ಮಾಡಿಕೊಳ್ಳುತ್ತದೆ, ನಡುವೆ ಗೋಡೆ ಎದ್ದು ಎರಡಾಗುತ್ತದೆ. ಯಾರು ತಾಯಿ ಯಾರು ಮಗಳು ಹೇಳಲು ಬರುವುದಿಲ್ಲ, ಎರಡಕ್ಕೂ ಒಂದೇ ವಯಸ್ಸು. ಬೆಚ್ಚಗಿನ ಹಾಲು ಸಿಕ್ಕರೆ ಕೆಲವು ಜಾತಿಯವು ಇಪ್ಪತ್ತು ನಿಮಿಷಕ್ಕೊಮ್ಮೆ ಹೀಗೆ ಇಬ್ಭಾಗವಾಗುತ್ತ ಹೋಗುತ್ತವೆ.

ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಇದನ್ನೇ ನಾನು ವರ್ಷಗಟ್ಟಲೆ ಬಾಯಿ ನೋಯುವಷ್ಟು ಹೇಳಿದ್ದೆ. ಕ್ಯಾನು ಬಿಸಿಲಿಗೆ ಇಡಬ್ಯಾಡ್ರಿ, ಒಂದು ಎರಡಾಗ್ತಾವ, ಎರಡು ನಾಕಾಗ್ತಾವ ಎಂದರೆ ಹೂಂ ಅಂದು ಬಿಸಿಲಿಗೇ ಇಡುತ್ತಿದ್ದ ಗಂಡಸರು, ಅವಳು ಹೇಳಿದ ದಿನ ಕ್ಯಾನುಗಳನ್ನು ತಾವಾಗಿಯೇ ನೆರಳಿಗೆ ಸರಿಸಿದರು. ನನ್ನ ಹೊಟ್ಟೆಗೆ ಕೆಂಡ ಬಿದ್ದ ಹಾಗಾಯಿತು. ಮಧ್ಯಾಹ್ನ ಅವಳು ಎಲ್ಲರಿಗೂ ಹಂಚಿದ ಶೇಂಗಾ ಹೋಳಿಗೆಯನ್ನು ನಾನು ಸಕ್ಕರೆ ಕಾಯಿಲೆಯ ನೆಪ ಹೇಳಿ ಬಿಟ್ಟೆ. ನನಗೆ ಸಕ್ಕರೆ ಕಾಯಿಲೆ ಇಲ್ಲ.

ಘೋಡಗೇರಿಯ ತೊಂದರೆ ಶುರುವಾಗಿದ್ದು ಬೇಸಿಗೆ ಕಾಲಿಡುವ ಹೊತ್ತಿಗೆ. ಅದು ಹುಕ್ಕೇರಿ ತಾಲೂಕಿನ ಊರು, ಹೆಣ್ಣುಮಕ್ಕಳೇ ಕಟ್ಟಿಕೊಂಡ ಹಾಲಿನ ಸಂಘ, ಹೆಚ್ಚಿನವು ಕುರುಬರ ಮತ್ತು ಒಕ್ಕಲಿಗರ ಮನೆಗಳು. ಅವರ ಬೆಳಗಿನ ಹಾಲು ಹೇಗೋ ಪಾಸಾಗುತ್ತಿತ್ತು, ಸಂಜೆಯ ಹಾಲು ನಿಲ್ಲುತ್ತಿರಲಿಲ್ಲ. ಮ್ಯಾನೇಜರ್ ನಮ್ಮಿಬ್ಬರನ್ನೂ ಒಳಗೆ ಕರೆದು ನೇರವಾಗಿ ಹೇಳಿಬಿಟ್ಟರು.

“ಈ ತಿಂಗಳ ಆಖೇರಿ ತನಾ ನೋಡ್ತೀನಿ. ಸುಧಾರಿಸಲಿಲ್ಲಂದ್ರ ಘೋಡಗೇರಿ ಗಾಡಿ ಬಂದ್. ನಿಮ್ಮಿಬ್ಬರಾಗ ಯಾರ ಇದನ್ನ ಬಗಿಹರಸ್ತೀರಿ, ಇನ್‌ಚಾರ್ಜ್ ಜಾಗಾಕ್ಕ ಅವರ ಹೆಸರ ಕಳಸ್ತೀನಿ.”

ಕೆಲಸ ಹಂಚಿಕೊಂಡೆವು. ಊರಿನ ಕಡೆಯದು ನನಗೆ, ಕ್ಯಾನಿನ ಕಡೆಯದು ಅವಳಿಗೆ. ಒಳಗೊಳಗೇ ಖುಷಿಪಟ್ಟೆ. ಕ್ಯಾನು ತೊಳೆಯುವುದು ನಮ್ಮಲ್ಲೇ, ಮೊದಲು ತಣ್ಣೀರು, ಆಮೇಲೆ ಸೋಡಾ ಹಾಕಿದ ಬಿಸಿನೀರು, ಆಮೇಲೆ ಉಗಿ. ಅಲ್ಲಿ ತಪ್ಪು ಸಿಗಲಾರದು ಎಂದು ನನಗೆ ಗೊತ್ತಿತ್ತು. ಅವಳು ಖಾಲಿ ಕ್ಯಾನಿನ ಒಳಗೆ ಶುದ್ಧೀಕರಿಸಿದ ನೀರು ಹಾಕಿ ಉರುಳಿಸಿ, ಆ ನೀರನ್ನು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಎಂಬ ಲೋಳೆ ಹರಡಿದ ತಟ್ಟೆಯ ಮೇಲೆ ಹಾಕಿ ಎರಡು ದಿನ ಕಾದಳು. ಒಂದೊಂದು ಜೀವವೂ ಬೆಳೆದು ಕಣ್ಣಿಗೆ ಕಾಣುವ ಒಂದೊಂದು ಚುಕ್ಕೆಯಾಗುತ್ತದೆ. ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ. ನಮ್ಮಿಂದ ಹೋಗುವ ಕ್ಯಾನು ಸ್ವಚ್ಛ. ಅವಳ ಮುಖ ಸಪ್ಪಗಾದದ್ದು ಕಂಡು ನಾನು ಅವತ್ತು ಮೊದಲ ಸಲ ಅವಳ ಜೊತೆ ನಗುನಗುತ್ತ ಮಾತಾಡಿದೆ.

ನಾನು ಘೋಡಗೇರಿಗೆ ಹೋದೆ. ಮೊದಲು ಸಂಘದವರು ಊರ ಕಟ್ಟೆಯ ಮೇಲೆ ಹಾಲು ಅಳೆಯುತ್ತಿದ್ದರು. ಎರಡು ತಿಂಗಳಿಂದ ಕಾರ್ಯದರ್ಶಿಯ ಮನೆಗೆ ಬದಲಿಸಿದ್ದರು. ಕಾರ್ಯದರ್ಶಿ ಆ ಮನೆಯ ಸೊಸೆ. ಮನೆ ನಡೆಯುವುದು ಮಾತ್ರ ಅವಳ ಅತ್ತೆಯ ಮಾತಿನ ಮೇಲೆ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತದೆ. ಹೋದ ಕೂಡಲೇ ಮಣೆ ಹಾಕಿದರು, ರೊಟ್ಟಿ ಬಡಿದರು. ಬೆಳಗಿನ ಹಾಲು ಇಳಿಸಿ ತೊಳೆದ ಕ್ಯಾನುಗಳನ್ನು ನಮ್ಮ ಗಾಡಿ ಹತ್ತು ಗಂಟೆಯ ಸುಮಾರಿಗೆ ತಂದಿಟ್ಟು ಹೋಯಿತು. ಅವನ್ನು ಒಳಗಿನ ತಂಪು ಪಡಸಾಲೆಯಲ್ಲಿ ಇಟ್ಟರು. ನಾಯಿ ಬೆಕ್ಕಿನ ಕಾಟ ಬೇಡವೆಂದು ಮುಚ್ಚಳ ಬಿಗಿದಿಟ್ಟರು. ಎಲ್ಲ ಅಚ್ಚುಕಟ್ಟು.

ಹಾಗಾದರೆ ತಪ್ಪು ಹಿಂಡುವಲ್ಲೇ ಇರಬೇಕು. ಹಗಲೆಲ್ಲ ಎಮ್ಮೆಗಳು ಕೆಸರಿನಲ್ಲಿ ಹೊರಳಿ ಸಂಜೆ ಬರುತ್ತವೆ, ಕೆಚ್ಚಲು ಸರಿಯಾಗಿ ತೊಳೆಯುವುದಿಲ್ಲ, ಅದಕ್ಕೇ ಸಂಜೆಯ ಹಾಲು ಕೆಡುತ್ತದೆ ಎಂದು ತೀರ್ಮಾನಿಸಿದೆ. ಮನೆಮನೆಗೆ ಹೋಗಿ ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆಸಿದೆ, ಒಣ ಬಟ್ಟೆಯಿಂದ ಒರೆಸಲು ಹೇಳಿದೆ, ಮೊದಲ ನಾಲ್ಕು ಧಾರೆ ಬೇರೆ ಹಿಂಡಿ ಚೆಲ್ಲಿಸಿದೆ. ಹೆಣ್ಣುಮಕ್ಕಳು ಹೇಳಿದ್ದೆಲ್ಲ ಮಾಡಿದರು. ವಾರ ಕಳೆಯಿತು. ಸಂಜೆಯ ನಳಿಕೆ ಚಹದ ಕಪ್ಪು ಕೆಳಗಿಡುವುದರೊಳಗೆ ಬಿಳಿ. ಒಂದೊಂದು ಮನೆಯ ಹಾಲನ್ನೂ ಬೇರೆ ಬೇರೆ ತಂದು ಪರೀಕ್ಷಿಸಿದೆ. ಎಲ್ಲವೂ ನೀಲಿ ನಿಂತವು. ಮನೆಯ ಹಾಲು ಒಳ್ಳೆಯದು, ಸೆಂಟರಿನ ಕ್ಯಾನು ಒಳ್ಳೆಯದು, ಎರಡೂ ಕೂಡಿದರೆ ಕೆಟ್ಟದ್ದು. ನನ್ನ ತಲೆ ಓಡಲಿಲ್ಲ.

ಆಗ ಅವಳು ನಾನೂ ಒಮ್ಮೆ ಬರ್ತೀನ್ರಿ ಎಂದಳು. ಬೇಡ ಎನ್ನಲು ಕಾರಣ ಸಿಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ನಾನೇ ಹಿಡಿದು ಕುಳಿತೆ, ಅಷ್ಟು ಸಣ್ಣ ಬುದ್ಧಿ. ಆಯಿಯ ಅಂಗಳದಲ್ಲಿ ನಿಂತಿದ್ದಾಗ ನಮ್ಮ ಗಾಡಿ ಕ್ಯಾನುಗಳನ್ನು ಇಳಿಸಿತು. ಒಂದೊಂದೇ ಕ್ಯಾನು ಹೊಸ್ತಿಲ ಹತ್ತಿರ ಬಂದಂತೆ ಆಯಿ ತಂಬಿಗೆ ಹಿಡಿದುಕೊಂಡು ಬಂದಳು, ಮುಚ್ಚಳ ತೆಗೆದು ಸ್ವಲ್ಪ ಸುರಿದಳು, ಮುಚ್ಚಿ ಒಳಗೆ ಕಳಿಸಿದಳು.

“ಆಯಿ, ಅದರಾಗ ಏನ ಹಾಕಿದ್ರಿ?” ಎಂದು ಹುಡುಗಿ ಕೇಳಿದಳು.

“ಹಾಲವ್ವಾ. ಹೈನದ ಬಾಂಡೆ ಬರಿದ ಹೊಸ್ತಲಾ ದಾಟಸ್ತಾರೇನ?”

ಮೊದಲ ದಿನವೂ ಆಯಿ ಇದನ್ನೇ ಮಾಡಿದ್ದಳು, ಆಕೆಗೆ ದಾರಿಯಾಗಲೆಂದು ನಾನೇ ಸೀರೆಯ ನಿರಿಗೆ ಹಿಡಿದುಕೊಂಡು ಬದಿಗೆ ಸರಿದಿದ್ದೆ. ನಮ್ಮ ಮನೆಯಲ್ಲೂ ಹೀಗೇ. ಹಾಲಿನ ಗಡಿಗೆ ತೊಳೆದು ಒಳಗೆ ತರುವಾಗ ನನ್ನತ್ತೆ ನಾಲ್ಕು ಹನಿಯಾದರೂ ಹಾಲು ಹಾಕಿಯೇ ಇಡುತ್ತಾರೆ. ಬರಿದು ಇಟ್ಟರೆ ಹೈನು ನಿಂತುಹೋಗುತ್ತದೆ ಎಂದು ನಂಬಿಕೆ. ಮನೆಯ ಗಡಿಗೆಯಲ್ಲಿ ಅದರಿಂದ ಏನೂ ಆಗುವುದಿಲ್ಲ, ಹಾಲು ಹೇಗೂ ಒಲೆಯ ಮೇಲೇರಿ ಕಾಯುತ್ತದೆ. ದಿನಾ ಮಾಡುವುದು, ದಿನಾ ನೋಡುವುದು. ನನ್ನ ಕಣ್ಣಿಗೆ ಅದು ಕೆಲಸ ಎಂದೇ ಕಂಡಿರಲಿಲ್ಲ. ಅವಳ ಮನೆಯಲ್ಲಿ ಎಮ್ಮೆಯೇ ಇಲ್ಲ. ಪಾಕೀಟಿನ ಹಾಲು ಕುಡಿದು ಬೆಳೆದವಳು. ಅದಕ್ಕೇ ಅವಳಿಗೆ ಕಂಡಿತು. ಎಂಥ ಅನ್ಯಾಯ ಎಂದುಕೊಂಡೆ.

ಲೆಕ್ಕ ಅಲ್ಲಿಯೇ ತಲೆಯಲ್ಲಿ ಓಡಿತು. ಬೆಳಿಗ್ಗೆ ಹತ್ತರಿಂದ ಸಂಜೆ ಆರು. ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾದರೆ ಇಪ್ಪತ್ನಾಲ್ಕು ಸಲ. ಒಂದೇ ಒಂದು ಜೀವ ಒಂದೂವರೆ ಕೋಟಿ ದಾಟುತ್ತದೆ, ಆ ಹಸಿ ಹಾಲಿನಲ್ಲಿ ಇದ್ದದ್ದು ಒಂದೇ ಅಲ್ಲ. ಅಷ್ಟೂ ಆಗಲಾರದು, ಹಾಲು ಹುಳಿಯಾದಂತೆ ಅವುಗಳ ವೇಗವೂ ತಗ್ಗುತ್ತದೆ. ಆದರೂ ಸಂಜೆಯ ಒಳ್ಳೆಯ ಹಾಲನ್ನು ನಾವು ಸುರಿಯುತ್ತಿದ್ದದ್ದು ಹೆಪ್ಪಿನ ಮೇಲೆ. ಅದನ್ನು ಚೆಲ್ಲಿ ತೊಳೆಯೋಣವೆಂದರೆ ಹಾಲು ಚೆಲ್ಲುವುದು ಪಾಪ. ರಾತ್ರಿ ಬರುವ ಕ್ಯಾನಿಗೂ ಹಾಗೇ ಹಾಕುತ್ತಿದ್ದರು, ಆದರೆ ರಾತ್ರಿಯ ತಂಪಿನಲ್ಲಿ ಅವು ಅಷ್ಟು ಬೇಗ ಬೆಳೆಯದ್ದರಿಂದ ಬೆಳಗಿನ ಹಾಲು ಹೇಗೋ ಬಚಾವಾಗುತ್ತಿತ್ತು. ಊರ ಕಟ್ಟೆಯ ಮೇಲೆ ಅಳೆಯುತ್ತಿದ್ದಾಗ ದಾಟಿಸಲು ಹೊಸ್ತಿಲೇ ಇರಲಿಲ್ಲ, ಅದಕ್ಕೇ ಮೊದಲು ಈ ತೊಂದರೆ ಇರಲಿಲ್ಲ.

ಅವಳಿಗೂ ಅದೇ ಲೆಕ್ಕ ಹೊಳೆದಿತ್ತು. ಮುಖ ಅರಳಿತು. ಅಲ್ಲೇ ತಪ್ಪು ಮಾಡಿದಳು. ಹೊಸ್ತಿಲಲ್ಲೇ ಮೊಬೈಲು ತೆಗೆದು ಬ್ಯಾಕ್ಟೀರಿಯಾದ ಚಿತ್ರ ತೋರಿಸಿ, ಆಯಿ, ನೀವು ಹಾಕೋ ಹಾಲಿನಾಗ ಇಂಥಾವು ಕೋಟಿಗಟ್ಟಲೆ ಹುಟ್ಟತಾವ, ನಿಮ್ಮ ಹಾಲು ಅದಕ್ಕ ಕೆಡಾಕತ್ತೈತಿ ಎಂದಳು. ಎತ್ತಿ ದೊಡ್ಡದು ಮಾಡಿದ ಚಿತ್ರ, ಬಾಲ ಇದ್ದ ಜಾತಿಯದು ಬೇರೆ. ಆಯಿ ಚಿತ್ರ ನೋಡಿದಳು, ಹುಡುಗಿಯ ಮುಖ ನೋಡಿದಳು.

“ನಮ್ಮ ಹೈನಕ್ಕ ಹುಳ ಬಿದ್ದಾವಂತಾಳ ನೋಡ್ರವ್ವಾ ಈಕಿ” ಎಂದಳು, ದೊಡ್ಡ ದನಿ ತೆಗೆಯದೆ.

ಒಬ್ಬರ ಹೈನಕ್ಕೆ ಹುಳ ಬಿದ್ದಿದೆ ಎನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಕಡೆ ಇಲ್ಲ. ಓಣಿಯ ಹೆಂಗಸರು ಕೂಡಿದರು. ಸೊಸೆ ಅತ್ತೆಯ ಬೆನ್ನಿಗೆ ನಿಂತಳು. ನಿಮ್ಮ ಡೈರಿಯ ಸಹವಾಸವೇ ಬೇಡ, ಕೊಡುವವರಿಗೆ ಕೊಡುತ್ತೇವೆ ಎಂಬಲ್ಲಿಗೆ ಮಾತು ಹೋಯಿತು. ನಾನು ನಡುವೆ ಬಾಯಿ ಹಾಕಬಹುದಿತ್ತು, ಹಾಕಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೋಗಲಿ ಬಿಡು ಎಂದೆ. ಒಳಗೆ ಮಾತ್ರ ಎಷ್ಟೋ ದಿನಕ್ಕೆ ತಂಪಾಗಿತ್ತು.

ಅವಳು ಸುಮ್ಮನೆ ಕೂಡಲಿಲ್ಲ. ಸೆಂಟರಿನಲ್ಲೇ ಒಂದು ತೊಳೆದ ಕ್ಯಾನಿಗೆ ನಾಲ್ಕು ಚಮಚ ಹಸಿ ಹಾಲು ಹಾಕಿ, ಇನ್ನೊಂದನ್ನು ಬರಿದಾಗಿಟ್ಟು, ಎರಡನ್ನೂ ಮುಚ್ಚಿ ಹಗಲೆಲ್ಲ ಶೆಡ್ಡಿನಲ್ಲಿಟ್ಟಳು. ಸಂಜೆ ಎರಡಕ್ಕೂ ಒಂದೇ ಹಾಲು ತುಂಬಿಸಿ, ಅದನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು, ಹೀಗೆ ನೀರು ಬೆರೆಸಿ ತೆಳು ಮಾಡುತ್ತ ಹೋಗಿ ತಟ್ಟೆಗಳ ಮೇಲೆ ಬೆಳೆಸಿದಳು. ಬರಿದಿದ್ದ ಕ್ಯಾನಿನ ತಟ್ಟೆಯಲ್ಲಿ ಎಣಿಸುವಷ್ಟು ಚುಕ್ಕೆಗಳಿದ್ದವು. ಇನ್ನೊಂದರಲ್ಲಿ ಎಷ್ಟು ತೆಳು ಮಾಡಿದರೂ ಸುಣ್ಣ ಬಳಿದ ಹಾಗೆ ಬಿಳಿ. ನಾನು ಯಾರೂ ಇಲ್ಲದಾಗ ಆ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದೆ, ಏನಾದರೂ ತಪ್ಪು ಸಿಗುತ್ತದೆಯೇ ಎಂದು. ಮೊಸರಿನಲ್ಲಿ ಕಲ್ಲು ಹುಡುಕುವ ಕೆಲಸ. ಸಿಗಲಿಲ್ಲ. ಅಷ್ಟು ಚೊಕ್ಕ ಕೆಲಸ ನಾನು ಮಾಡಿದ್ದೆನೇ ಎಂದು ನೆನೆಸಿಕೊಂಡರೆ ಇನ್ನೂ ಉರಿಯಿತು.

ಮ್ಯಾನೇಜರ್ ತಟ್ಟೆ ನೋಡಿ ತಲೆದೂಗಿದರು. ಕಾರಣ ಸಿಕ್ಕರೇನು, ಊರಿನವರು ಕೇಳಬೇಕಲ್ಲ ಎಂದರು. ಅವಳು ಮತ್ತೆರಡು ಸಲ ಒಬ್ಬಳೇ ಘೋಡಗೇರಿಗೆ ಹೋಗಿ ಬಂದಳು. ಒಳಗೆ ಕರೆಯಲಿಲ್ಲವಂತೆ. ತಿಂಗಳು ಮುಗಿಯುತ್ತ ಬಂತು.

ನಾನು ಕೈಕಟ್ಟಿ ಕುಳಿತಿದ್ದರೆ ಸಾಕಿತ್ತು. ಗಾಡಿ ಬಂದ್ ಆಗುತ್ತಿತ್ತು, ಬಗೆಹರಿಸಿದವರು ಯಾರೂ ಇಲ್ಲ ಎಂದಾಗ ಹಿರಿತನದ ಮೇಲೆ ಕುರ್ಚಿ ನನಗೇ ಬರುತ್ತಿತ್ತು. ಮ್ಯಾನೇಜರ್ ಮಾತಿನ ಧಾಟಿಯೂ ಹಾಗೇ ಇತ್ತು. ಆದರೆ ಡಾಕಿನಲ್ಲಿ ಎಲ್ಲರೂ ಮೇಡಂ ಕಂಡ್ಹಿಡದ್ರು, ಮೇಡಂ ಕಂಡ್ಹಿಡದ್ರು ಎನ್ನುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು. ಕುರ್ಚಿಯ ಮೇಲೆ ನಾನು ಕೂತರೂ ಅವರ ಬಾಯಲ್ಲಿ ಘೋಡಗೇರಿ ಅವಳದೇ ಆಗಿ ಉಳಿಯುತ್ತದೆ. ಅದು ನನಗೆ ತಡೆಯಲಿಲ್ಲ. ಕಾರಣ ಅವಳದಾದರೆ ಆಗಲಿ, ಪರಿಹಾರ ನನ್ನದಾಗಬೇಕು ಎಂದು ಹಟಕ್ಕೆ ಬಿದ್ದೆ. ಊರಿನ ಹೆಣ್ಣುಮಕ್ಕಳ ಮೇಲಿನ ಕರುಣೆಯಿಂದ ಹೊರಟೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಹೊರಟದ್ದು ಹೊಟ್ಟೆಕಿಚ್ಚಿನಿಂದ.

ಆಯಿಗೆ ಬೇಕಾದದ್ದು ಕ್ಯಾನು ಬರಿದಿರಬಾರದು, ಅಷ್ಟೇ ತಾನೆ? ಹಾಲೇ ಆಗಬೇಕೆಂದೇನಿದೆ, ನೀರು ಹಾಕಿದರೂ ಅದು ಗಂಗೆ. ಹಾಲು ತುಂಬುವ ಮುಂಚೆ ಆ ನೀರು ಚೆಲ್ಲಿದರೆ ಪಾಪವೂ ಇಲ್ಲ. ಸ್ಟೋರಿನ ಹಿಂದೆ ಯಾರಿಗೂ ಕಾಣದಂತೆ ಒಂದು ಕ್ಯಾನಿಟ್ಟು ಪ್ರಯೋಗ ಮಾಡಿದೆ. ಕೈ ಸುಡುವಷ್ಟು ಬಿಸಿ ನೀರು ಹಾಕಿ ಮುಚ್ಚಿ, ಸಂಜೆ ಚೆಲ್ಲಿ, ತಟ್ಟೆಯಲ್ಲಿ ಬೆಳೆಸಿದೆ. ಎರಡು ದಿನದ ಮೇಲೆ ನೋಡಿದರೆ ಲೋಳೆ ಲೋಳೆ ಹಳದಿ ಚುಕ್ಕೆಗಳು ತುಂಬಿಕೊಂಡಿದ್ದವು. ಹಾಲಿನಷ್ಟಿಲ್ಲ, ಆದರೆ ಪಾಸಾಗುವ ಹಾಗೂ ಇಲ್ಲ. ಹಾಳು ತಟ್ಟೆಯನ್ನು ಮುಚ್ಚಿಡುವುದರೊಳಗೆ ಅವಳ ಕಣ್ಣಿಗೆ ಬಿತ್ತು. ಏನು ಮಾಡುತ್ತಿದ್ದೀರಿ ಎಂದು ಕೇಳಲಿಲ್ಲ.

“ಅಕ್ಕಾರ, ಇವು ನೀರಿನ ಟಾಕಿಯಾಗ ಇರೋವು. ನೀರು ಕುದ್ದಿಲ್ಲ ಅನಸ್ತೈತ್ರಿ” ಎಂದು ಮೆತ್ತಗೆ ಹೇಳಿ ತನ್ನ ಪಾಡಿಗೆ ಹೋದಳು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆದರೆ ಮಾತು ಸರಿ. ಮರುದಿನ ಕೊತಕೊತ ಕುದಿಯುವ ನೀರು ಹಾಕಿದೆ. ಸುಮ್ಮನೆ ಹಾಕಿ ಬಿಟ್ಟರೆ ಕ್ಯಾನಿನ ಕುತ್ತಿಗೆ, ಮುಚ್ಚಳದ ಅಂಚು ತಣ್ಣಗೇ ಉಳಿಯುತ್ತವೆ. ಅದಕ್ಕೆ ಮುಚ್ಚಳ ಬಿಗಿದು, ದಪ್ಪ ಗೋಣಿಚೀಲ ಹಿಡಿದು ಕ್ಯಾನನ್ನು ಅಡ್ಡ ಮಲಗಿಸಿ ಉರುಳಿಸಿದೆ, ಎತ್ತಿ ನಿಲ್ಲಿಸಿದೆ, ಸಂಜೆಯ ತನಕ ಮುಚ್ಚಳ ತೆಗೆಯಲಿಲ್ಲ. ಈ ಸಲ ತಟ್ಟೆ ಹೆಚ್ಚುಕಡಿಮೆ ಸ್ವಚ್ಛ. ಮತ್ತೊಮ್ಮೆ ಮಾಡಿ ಖಾತ್ರಿ ಮಾಡಿಕೊಂಡು, ಮರುದಿನ ಮಧ್ಯಾಹ್ನದ ಬಸ್ಸು ಹತ್ತಿದೆ. ಅವಳಿಗೆ ಹೇಳಲಿಲ್ಲ.

ಆಯಿ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು ಉಣ್ಣೆ ಹಿಂಜುತ್ತಿದ್ದಳು. ನನಗೆ ಮಣೆ ಬಂತು, ಮಜ್ಜಿಗೆ ಬಂತು. ಹುಳದ ಸುದ್ದಿ, ಬ್ಯಾಕ್ಟೀರಿಯಾದ ಸುದ್ದಿ ನಾನು ಎತ್ತಲೇ ಇಲ್ಲ. ನಮ್ಮ ಮನೆಯಲ್ಲೂ ಗಡಿಗೆ ಬರಿದು ಇಡುವುದಿಲ್ಲ ಎಂದೆ. ಮನೆಯ ಗಡಿಗೆಯ ಹಾಲು ಕೂಡಲೇ ಕಾಯುತ್ತದೆ, ಕ್ಯಾನಿನ ಹಾಲು ಕಾಯದೆ ದೂರ ಹೋಗುತ್ತದೆ, ಅದಕ್ಕೆ ತಾಳುವುದಿಲ್ಲ ಎಂದೆ. ಆಮೇಲೆ ವಿಷಯಕ್ಕೆ ಬಂದೆ.

“ಆಯಿ, ಹಾಲಿನ ಬದಲಿ ಗಂಗವ್ವನ್ನ ತುಂಬ್ರಿ. ಕುದಿಯೋ ನೀರ ಹಾಕಿ ಉಳ್ಳಾಡಸಿ ಮುಚ್ಚಿಡ್ರಿ. ಹಿಂಡಾಕ ಹೋಗೋ ಮುಂದ ಗಿಡಕ್ಕ ಚೆಲ್ರಿ. ಬಾಂಡೆನೂ ಬರಿದ ಇರೂದಿಲ್ಲ, ಹಾಲೂ ಉಳೀತೈತಿ.”

ಆಯಿ ಉಣ್ಣೆಯಲ್ಲಿದ್ದ ಮುಳ್ಳು ಒಂದೊಂದೇ ತೆಗೆಯುತ್ತ ಕೂತಳು. ಗೆದ್ದೆ ಎಂದು ನನಗೆ ಗೊತ್ತಾಯಿತು. ಮನಸ್ಸಿನಲ್ಲೇ ಮ್ಯಾನೇಜರ್ ಮುಂದೆ ನಿಂತು ಹೇಳುವ ಮಾತು ಕೂಡಿಸುತ್ತಿದ್ದೆ.

“ಹಾಕಸ್ತೀನಿ ತಗೊ” ಎಂದಳು ಕೊನೆಗೆ. “ನೀ ಹೇಳಿದಿ ಅಂತಲ್ಲ ಮತ್ತ. ಆ ಹುಡುಗಿ ಎರಡ ಸಲ ಹೊಳ್ಳಿ ಬಂತು. ನಾವು ಕುಡ್ಯಾಕ ನೀರ ಸೈತ ಕೊಡಲಿಲ್ಲ. ಬಾಗಲದಾಗ ನಿಂತು, ಆಯಿ ತಪ್ಪಾತ್ರಿ ಅಂತು, ಮಾರಿ ಸಣ್ಣದ ಮಾಡ್ಕೊಂಡ ಹೋತು. ಅವತ್ತಿಂದ ನನ್ನ ಹೊಟ್ಟ್ಯಾಗ ಸಮಾಧಾನ ಇಲ್ಲ. ಅಕಿನ್ನೊಮ್ಮೆ ಕರ್ಕೊಂಡ ಬಾ.”

ಮಜ್ಜಿಗೆಯ ಲೋಟ ಕೆಳಗಿಟ್ಟೆ. ನನ್ನ ಪರಿಹಾರ, ನನ್ನ ಬಸ್ಸಿನ ಹಾದಿ, ನಾನು ಉರುಳಿಸಿದ ಕ್ಯಾನು. ಒಪ್ಪಿಗೆ ಮಾತ್ರ ಅವಳ ಸಲುವಾಗಿ. ಆಯಿ ಕರೆದ ಸುದ್ದಿಯನ್ನು ನಾನು ಅವಳಿಗೆ ಮುಟ್ಟಿಸಲೂ ಇಲ್ಲ.

ಮರುದಿನದಿಂದ ಘೋಡಗೇರಿಯಲ್ಲಿ ಬೆಳಿಗ್ಗೆ ಹಂಡೆ ಕುದಿಯಿತು. ಮೊದಲ ದಿನ ಸಂಜೆಯ ನಳಿಕೆ ಎರಡು ತಾಸು ನಿಂತಿತು. ಒಂದು ಕ್ಯಾನಿಗೆ ಹಂಡೆಯ ತಳದ ಆರಿದ ನೀರು ಹಾಕಿದ್ದರಂತೆ. ಅದನ್ನೂ ಸರಿಪಡಿಸಿದರು. ಅದರ ಮರುದಿನ ಸಂಜೆ ನಳಿಕೆ ನಿಲ್ಲಿಸಿ ನಾನೂ ಕೂತೆ, ಅವಳೂ ಕೂತಳು. ಚಹ ಬಂದು ಹೋಯಿತು. ಡಾಕಿನವರು ಒಬ್ಬೊಬ್ಬರಾಗಿ ಬಂದು ಇಣುಕಿ ಹೋದರು. ನಾಲ್ಕು ತಾಸಾದರೂ ನೀಲಿ ಇತ್ತು. ಉಳಿದದ್ದನ್ನು ನೋಡಲು ಕಾವಲುಗಾರನಿಗೆ ಹೇಳಿ ಕೊನೆಯ ಬಸ್ಸಿಗೆ ಹೊರಟೆವು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಐದು ತಾಸೂ ನೀಲಿ ನಿಂತಿತೆಂದು ಕಾವಲುಗಾರ ಬೆಳಿಗ್ಗೆ ಹೇಳಿದ.

ತಿಂಗಳ ಕೊನೆಗೆ ಮ್ಯಾನೇಜರ್ ನನ್ನೊಬ್ಬಳನ್ನೇ ಕರೆದರು. ನಿಮ್ಮ ಹೆಸರು ಕಳಿಸುತ್ತಿದ್ದೇನೆ ಎಂದರು. ಘೋಡಗೇರಿಯನ್ನು ಉಳಿಸಿದ್ದು ನೀವೇ ಎಂದು ಮೇಡಂ ಬಂದು ಹೇಳಿದರು, ತನಗಿಂತ ನಿಮಗೇ ಆ ಜಾಗ ಸಲ್ಲಬೇಕು ಎಂದರು, ದೊಡ್ಡ ಮನಸ್ಸು ಅವರದು ಎಂದರು.

ದೊಡ್ಡ ಮನಸ್ಸಂತೆ. ಇಷ್ಟು ವರ್ಷ ನಾನು ಕಾದ ಕುರ್ಚಿಯನ್ನು ಅವಳು ಎತ್ತಿ ನನಗೆ ಕೊಡುವುದೇ? ಜೀವಮಾನವಿಡೀ ಅವಳು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತು, ಅವಳಿಗೇ ಕೆಲಸ ಹೇಳಬೇಕೇ? ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಕಾರಣ ಕಂಡುಹಿಡಿದದ್ದು ಅವಳು, ನೀರು ಕುದಿಸಲು ಹೇಳಿದ್ದೂ ಅವಳು, ಆಯಿ ಒಪ್ಪಿದ್ದು ಅವಳ ಮುಖ ನೋಡಿ, ಬೇಕಾದರೆ ಘೋಡಗೇರಿಗೆ ಹೋಗಿ ಆಯಿಯನ್ನೇ ಕೇಳಿ, ಅವಳ ಹೆಸರನ್ನೇ ಕಳಿಸಿ ಎಂದುಬಿಟ್ಟೆ. ಮ್ಯಾನೇಜರ್ ಕನ್ನಡಕ ತೆಗೆದು ನೋಡಿದರು. ಖಾತ್ರಿನಾ ಬಾಯಾರ ಎಂದರು. ಖಾತ್ರಿ ಎಂದೆ. ಹೊರಗೆ ಬಂದ ಮೇಲೆ ಮನೆಯಲ್ಲಿ ಗಂಡನಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಸುದ್ದಿ ಅವಳಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಕ್ಯಾನು ತೊಳೆಯುವ ಕಟ್ಟೆಯ ಹತ್ತಿರ ನಿಂತಿದ್ದೆ, ಅಲ್ಲಿಗೇ ಬಂದಳು. ಥ್ಯಾಂಕ್ಸ್ ಹೇಳಲು ಬಂದಳು ಎಂದು ಮುಖ ಗಂಟು ಹಾಕಿಕೊಂಡು ನಿಂತೆ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅದು ಸಿಟ್ಟಿನ ನೀರು.

“ನಿಮ್ಮಿಂದ ಇಸ್ಕೊಳ್ಳೂದು ನನಗ ಬ್ಯಾಡಾಗಿತ್ತರಿ” ಎಂದಳು.

“ನನಗೂ ನಿನ್ನಿಂದ ಬ್ಯಾಡಾಗಿತ್ತು” ಎಂದೆ.

ಅವಳು ಬಿಳಿ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು.

“ಖರೆ ಹೇಳ್ಲೇನ್ರಿ ಅಕ್ಕಾರ? ಬಂದ ದಿವಸದಿಂದ ನಿಮ್ಮನ್ನ ನೋಡಿ ಹೊಟ್ಟಿ ಉರಕೊಂಡೇನಿ ನಾ. ನೀವು ಹೋದಲ್ಲೆಲ್ಲಾ ಮಣಿ ಹಾಕ್ತಾರು, ರೊಟ್ಟಿ ಬಡೀತಾರು. ನನಗ ಬಾಗಲದಾಗ ನಿಲ್ಲಸ್ತಾರು. ಡಾಕಿನಾಗ ನೀವು ಬೈದ್ರ ನಗತಾರು, ನಾ ಹೋದ್ರ ಮೇಡಂ ಬಂದ್ರು ಅಂತ ಬಾಯಿ ಮುಚ್ಚತಾರು. ಆ ಕುರ್ಚಿ ಬಿಟ್ಟಕೊಟ್ರರ ನಿಮ್ಮ ಮುಂದ ಸ್ವಲ್ಪ ದೊಡ್ಡಾಕಿ ಆಗ್ತೀನಿ ಅಂದ್ಕೊಂಡಿದ್ದೆ. ಅದನ್ನೂ ನೀವು ಇಡಗೊಡಲಿಲ್ಲ.”

ನಾನು ಅವಳನ್ನು ಮೇಲಿಂದ ಕೆಳಗೆ ನೋಡಿದೆ. ಈ ಎಮ್ಮೆಸ್ಸಿ, ಈ ಇಸ್ತ್ರಿ ಕೋಟು, ನನ್ನನ್ನು ನೋಡಿ ಉರಿದುಕೊಂಡಿತ್ತಂತೆ.

“ಭಾಳ ಉರೀತಿತ್ತೇನ?” ಎಂದು ಕೇಳಿದೆ.

“ಭಾಳ ರಿ.”

ಕುರ್ಚಿ ಅವಳಿಗೇ ಹೋಯಿತು, ಈಗ ದಿನವೂ ಬೆಳಿಗ್ಗೆ ನಾನು ನಳಿಕೆಗಳ ಲೆಕ್ಕ ಒಪ್ಪಿಸುವುದು ಅವಳಿಗೆ. ಆದರೆ ಆವತ್ತು ಮಾತ್ರ ಅರಭಾವಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ‘ಭಾಳ ರಿ’ಯನ್ನು ನೆನೆನೆನೆದು ಒಬ್ಬಳೇ ನಗುತ್ತ ಬಂದೆ, ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.